4ಕೆ ವಿಡಿಯೊ ಎಡಿಟಿಂಗ್: ಮೊದಲು ಮದರ್‌ಬೋರ್ಡ್ ಬದಲಿಸಬೇಕೇ, ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ?

ಪ್ರಶ್ನೆ: ಮಂಡಗದ್ದೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸುತ್ತಮುತ್ತಲಿನ ಯಕ್ಷಗಾನ ಬಯಲಾಟಗಳನ್ನೂ ಮದುವೆ, ಉಪನಯನಗಳನ್ನೂ ಚಿತ್ರೀಕರಿಸಿ, ಮನೆಯಲ್ಲೇ ಎಡಿಟ್ ಮಾಡಿಕೊಡುವುದು ನನ್ನ ಕೆಲಸ. 2018ರಲ್ಲಿ ಜೋಡಿಸಿಕೊಂಡ ಕಂಪ್ಯೂಟರ್‌ನಲ್ಲಿ ಇಂಟೆಲ್ ಐ5-8400 ಪ್ರೊಸೆಸರ್, ಎಚ್310 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್ ಮತ್ತು 4 ಜಿಬಿಯ ಜಿಟಿಎಕ್ಸ್ 1050 ಟಿಐ ಕಾರ್ಡ್ ಇವೆ. ಹೊಸ ಕ್ಯಾಮೆರಾ ಕೊಂಡ ಮೇಲೆ 4ಕೆ ದೃಶ್ಯಗಳು ಪ್ರೀಮಿಯರ್ ಪ್ರೊದಲ್ಲಿ ಸರಾಗವಾಗಿ ಓಡುತ್ತಿಲ್ಲ. ಎರಡು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಇಟ್ಟರಂತೂ, ಚೆಂಡೆಯ ಪೆಟ್ಟು ಕೇಳಿಸಿ ಎಷ್ಟೋ ಹೊತ್ತಾದ ಮೇಲೆ ವೇಷಧಾರಿಯ ಕಾಲು ನೆಲ ಮುಟ್ಟುತ್ತದೆ.

ಶಿವಮೊಗ್ಗದ ಒಂದು ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಮಾತ್ರ ಬದಲಿಸಿದರೆ ಸಾಕೆನ್ನುತ್ತಾರೆ. ಇನ್ನೊಂದು ಅಂಗಡಿಯವರು ಬಣ್ಣದ ದೀಪಗಳಿರುವ ದುಬಾರಿ ಗೇಮಿಂಗ್ ಬೋರ್ಡನ್ನೇ ತೋರಿಸುತ್ತಾರೆ. ನನ್ನ ಕೈಯಲ್ಲಿರುವುದು ಒಂದು ಲಕ್ಷ ರೂಪಾಯಿ. ಯಾವುದರಿಂದ ಆರಂಭಿಸಬೇಕು, ಯಾವ ಬೋರ್ಡ್ ಮತ್ತು ಯಾವ ಕಾರ್ಡ್ ಸೂಕ್ತ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು. ಮಾನಿಟರ್ ಮತ್ತು ಕ್ಯಾಬಿನೆಟ್ ಹಳೆಯವೇ ಸಾಕು.

ಉತ್ತರ: ದುರ್ಗಿಗುಡಿ

ಕೊಳ್ಳುವ ಮಾತಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಹೊಸ ಕ್ಯಾಮೆರಾದ ಒಂದು ಕಡತವನ್ನು ತೆರೆದು, ಫಾರ್ಮ್ಯಾಟ್ (ದೃಶ್ಯವನ್ನು ಕುಗ್ಗಿಸಿಡುವ ವಿಧಾನ, ಅಂದರೆ ಕೋಡೆಕ್), ಬಿಟ್ ಡೆಪ್ತ್ (ಬಣ್ಣದ ಸೂಕ್ಷ್ಮತೆ) ಮತ್ತು ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ಮಾಹಿತಿ ಎಷ್ಟು ಉಳಿದಿದೆ) ಎಂಬ ಮೂರು ಸಾಲುಗಳಲ್ಲಿ ಏನಿದೆ ನೋಡಿ. ಅಲ್ಲಿ ಎಚ್‌ಇವಿಸಿ, 10 ಬಿಟ್, 4:2:2 ಎಂದಿದ್ದರೆ ನಿಮ್ಮ ತೊಂದರೆಯ ಮೂಲ ಅದೇ. ಈ ಬಗೆಯ ದೃಶ್ಯವನ್ನು ಬಿಡಿಸಿ ತೋರಿಸುವ ಯಂತ್ರಾಂಶ ನಿಮ್ಮ ಐ5-8400ರ ಒಳಗಿನ ಗ್ರಾಫಿಕ್ಸ್‌ನಲ್ಲೂ ಇಲ್ಲ, 1050 ಟಿಐನಲ್ಲೂ ಇಲ್ಲ. ಆದ್ದರಿಂದ ಅಷ್ಟೂ ಹೊರೆ ಪ್ರೊಸೆಸರ್‌ನ ಆರು ಕೋರ್‌ಗಳ ಮೇಲೆ ಬೀಳುತ್ತದೆ. ಎನ್‌ವಿಡಿಯಾದ 40ರ ಸರಣಿಯ ಕಾರ್ಡ್‌ಗಳಿಗೂ ಇದು ಸಾಧ್ಯವಿಲ್ಲ. ಹೀಗಾಗಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಆರ್‌ಟಿಎಕ್ಸ್ 4060 ತಂದು ಹಾಕಿದರೂ ಚೆಂಡೆ ಮುಂದೆ, ಕಾಲು ಹಿಂದೆ ಎಂಬ ಸ್ಥಿತಿ ಹಾಗೆಯೇ ಉಳಿದೀತು.

ಈ ಕೆಲಸ ಬಲ್ಲವುಗಳಲ್ಲಿ ಮುಖ್ಯವಾದವು ಎರಡು: ಇಂಟೆಲ್‌ನ 11ನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್, ಮತ್ತು 2025ರಲ್ಲಿ ಬಂದ ಆರ್‌ಟಿಎಕ್ಸ್ 50ರ ಸರಣಿ. ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಸಾವಿರ, ಎರಡು ಸಾವಿರ ಉಳಿಯುತ್ತದೆಂದು ಅಂಗಡಿಯವರು ಅದನ್ನೇ ಕೊಡಲು ನೋಡುತ್ತಾರೆ, ಒಪ್ಪಬೇಡಿ.

ಉತ್ತರ: ವರದಾಮೂಲ

ಹೊಸದಾಗಿ ಕಟ್ಟುವುದಾದರೆ ಎಎಂಡಿಯ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬಿ650 ಅಥವಾ ಬಿ850 ಬೋರ್ಡ್ ತೆಗೆದುಕೊಳ್ಳುವುದು ದೂರದೃಷ್ಟಿಯ ಆಯ್ಕೆ ಎಂದು ನನ್ನ ಅಭಿಪ್ರಾಯ. 2022ರಲ್ಲಿ ಬಂದ ಈ ಸಾಕೆಟ್‌ಗೆ 2027ರವರೆಗಾದರೂ ಬೆಂಬಲ ಇರುತ್ತದೆಂದು ಕಂಪನಿಯೇ ಹೇಳಿದೆ; ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 14ನೆಯ ಪೀಳಿಗೆಗೇ ಮುಗಿದು, 2024ರಲ್ಲಿ ಎಲ್‌ಜಿಎ1851 ಬಂದಾಗಿದೆ. ರೈಜೆನ್ 5 7600, 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್, ಜೊತೆಗೆ ಆರ್‌ಟಿಎಕ್ಸ್ 5060 ಟಿಐ ಹಾಕಿದರೆ 4:2:2ರ ಕೆಲಸವನ್ನು ಕಾರ್ಡೇ ನೋಡಿಕೊಳ್ಳುತ್ತದೆ. ಎಎಂ5 ಬೋರ್ಡ್‌ಗೆ ಡಿಡಿಆರ್4 ಹಿಡಿಸುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ಮಂಡಗದ್ದೆ

ಕಡತ ನೋಡಿದೆ. ಎಚ್‌ಇವಿಸಿ, 10 ಬಿಟ್, 4:2:2 ಎಂದೇ ಇದೆ. ವರದಾಮೂಲದವರು ಹೇಳಿದ ಪಟ್ಟಿಯ ಬೆಲೆ ಕೇಳಿದರೆ, ಡಿಡಿಆರ್5 ರ್‍ಯಾಮ್ ಸೇರಿ ನನ್ನ ಲಕ್ಷ ದಾಟಿ ಹೋಗುತ್ತಿದೆ. ರ್‍ಯಾಮ್‌ನ ಬೆಲೆಯೇ ಇಷ್ಟೊಂದು ಏರಿರುವುದು ನನಗೆ ಗೊತ್ತಿರಲಿಲ್ಲ.

ಉತ್ತರ: ದುರ್ಗಿಗುಡಿ

2025ರ ಕೊನೆಯಿಂದ ಮೆಮೊರಿಯ ಬೆಲೆ ಎಲ್ಲೆಡೆ ಏರಿದೆ. ಎಐ ಸರ್ವರ್‌ಗಳ ಬೇಡಿಕೆ ಅದಕ್ಕೆ ಮುಖ್ಯ ಕಾರಣ. ಮಿತ್ರರು ಹೇಳಿದ ಎಎಂ5 ಒಳ್ಳೆಯ ಹಾದಿಯೇ ಆದರೂ, ಕೈಯಲ್ಲಿರುವ ಡಿಡಿಆರ್4 ರ್‍ಯಾಮನ್ನು ಮೂಲೆಗಿಟ್ಟು ಈಗಿನ ಬೆಲೆಗೆ ಹೊಸದನ್ನು ಕೊಳ್ಳುವುದು ಮಂಡಗದ್ದೆಯವರ ಪಾಲಿಗೆ ಜಾಣತನವಲ್ಲ. ಎಂಟು ವರ್ಷ ಒಂದೇ ಕಂಪ್ಯೂಟರ್ ಬಳಸಿದವರು ಎರಡು ವರ್ಷಕ್ಕೆ ಪ್ರೊಸೆಸರ್ ಬದಲಿಸುತ್ತಾರೆಂದೂ ನನಗೆ ಅನಿಸುವುದಿಲ್ಲ.

ಡಿಡಿಆರ್4 ಹಿಡಿಸುವ ಬಿ760 ಬೋರ್ಡ್ ಮತ್ತು ಐ5-14500 ಪ್ರೊಸೆಸರ್ ನೋಡಿ. ಬಿ760ರಲ್ಲಿ ಡಿಡಿಆರ್4, ಡಿಡಿಆರ್5 ಎರಡು ಬಗೆಯ ಬೋರ್ಡ್‌ಗಳೂ ಬರುವುದರಿಂದ ಪೆಟ್ಟಿಗೆಯ ಮೇಲೆ ‘ಡಿ4’ ಅಥವಾ ‘ಡಿಡಿಆರ್4’ ಎಂದಿರುವುದನ್ನು ಓದಿಯೇ ದುಡ್ಡು ಕೊಡಿ. ಐ5-14400ಕ್ಕಿಂತ 14500 ಏಕೆಂದರೆ, ಅದರಲ್ಲಿರುವ ಯುಎಚ್‌ಡಿ 770 ಗ್ರಾಫಿಕ್ಸ್‌ನಲ್ಲಿ ವಿಡಿಯೊ ಬಿಡಿಸುವ ಎಂಜಿನ್‌ಗಳು ಎರಡಿವೆ, 14400ರ ಯುಎಚ್‌ಡಿ 730ರಲ್ಲಿ ಒಂದೇ. ಎರಡು ಕ್ಯಾಮೆರಾ ಇಟ್ಟು ಎಡಿಟ್ ಮಾಡುವವರಿಗೆ ಇದು ಮುಖ್ಯ. ಅಗ್ಗದ ಎಚ್610 ಬೋರ್ಡ್ ಬೇಡ. ಅದರಲ್ಲಿ ರ್‍ಯಾಮ್‌ಗೆ ಎರಡೇ ಸ್ಲಾಟ್, ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಕೂಡ ಸಾಮಾನ್ಯವಾಗಿ ಒಂದೇ. ನಿಮಗೆ ವಿಂಡೋಸ್‌ಗೊಂದು, ನಡೆಯುತ್ತಿರುವ ಕೆಲಸಕ್ಕೊಂದು ಎಂದು ಎರಡು ಎಂ.2 ಸ್ಲಾಟ್ ಇರಲೇಬೇಕು. ಎರಡನೆಯದನ್ನು ಬಳಸಿದರೆ ಹಾರ್ಡ್ ಡಿಸ್ಕ್ ಜೋಡಿಸುವ ಯಾವುದಾದರೂ ಸಾಟಾ ಪೋರ್ಟ್ ನಿಷ್ಕ್ರಿಯವಾಗುತ್ತದೆಯೇ ಎಂಬುದನ್ನು ಬೋರ್ಡ್‌ನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಳೆಯ ಬಯಲಾಟಗಳ ಹಾರ್ಡ್ ಡಿಸ್ಕ್‌ಗಳು ನಿಮ್ಮಲ್ಲಿ ಸಾಕಷ್ಟಿರುತ್ತವೆ. ಬಣ್ಣದ ದೀಪಕ್ಕೆ ಕೊಡುವ ದುಡ್ಡನ್ನು ಪ್ರೊಸೆಸರ್ ಪಕ್ಕದ ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ) ಮೇಲೆ ಗಟ್ಟಿ ಅಲ್ಯುಮಿನಿಯಂ ಹೀಟ್‌ಸಿಂಕ್ ಇರುವ ಬೋರ್ಡ್‌ಗೆ ಕೊಡಿ. ಆ ಪ್ರೊಸೆಸರ್ 154 ವ್ಯಾಟ್‌ವರೆಗೆ ಎಳೆಯಬಲ್ಲದು. ರಾತ್ರಿಯಿಡೀ ಎಕ್ಸ್‌ಪೋರ್ಟ್ ನಡೆಯುವಾಗ ಬರಿಯ ವಿಆರ್‌ಎಂ ಕಾದು ವೇಗ ಕುಗ್ಗುತ್ತದೆ.

ಬೋರ್ಡ್ ಮತ್ತು ಪ್ರೊಸೆಸರ್ ಬದಲಾದ ಕೂಡಲೇ ಟೈಮ್‌ಲೈನ್ ಸರಾಗವಾಗುತ್ತದೆ. ಕಾರ್ಡ್ ಆಮೇಲೆ ಬಂದರೂ ನಡೆಯುತ್ತದೆ. ಅದೇ ಹಳೆಯ ಬೋರ್ಡ್‌ಗೆ ಹೊಸ ಕಾರ್ಡ್ ಹಾಕಿದರೆ, ಎಂಟೇ ಲೇನ್ (ಮಾಹಿತಿ ಓಡಾಡುವ ಹಾದಿ) ಬಳಸುವ 5060 ಟಿಐ ಅಲ್ಲಿನ ಪಿಸಿಐಇ 3.0 ಸ್ಲಾಟ್‌ನಲ್ಲಿ ತನ್ನ ಪೂರ್ಣ ವೇಗ ಕಾಣುವುದಿಲ್ಲ. ಎಚ್310 ಚಿಪ್‌ಸೆಟ್‌ನ ಲೇನ್‌ಗಳು ಪಿಸಿಐಇ 2.0 ಆದ್ದರಿಂದ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಯೂ ಪ್ರಯೋಜನ ಕಡಿಮೆ.

ಕಾರ್ಡ್ ಕೊಳ್ಳುವಾಗ 5060 ಟಿಐನ 16 ಜಿಬಿ ಮಾದರಿಯನ್ನೇ ಆರಿಸಿ. 8 ಜಿಬಿಯದೂ ಅದೇ ಹೆಸರಿನಲ್ಲಿ ಬರುತ್ತದೆ. ಬಯಲಾಟದ ರಾತ್ರಿಯ ದೃಶ್ಯಗಳಿಗೆ ನಾಯ್ಸ್ ರಿಡಕ್ಷನ್ ಹಾಕದೆ ವಿಧಿಯಿಲ್ಲ. 4ಕೆಯಲ್ಲಿ ಅದು ಕಾರ್ಡ್‌ನ ಮೆಮೊರಿಯನ್ನು ನುಂಗಿಬಿಡುತ್ತದೆ.

ಉತ್ತರ: ಕೊಪ್ಪ

ಕಾರ್ಡ್ ಯಾವುದಾದರೂ ಇರಲಿ, ನಮ್ಮ ಕಡೆ ಅದನ್ನು ಬಾಳಿಸುವುದು ಕರೆಂಟು. ತೋಟದ ಪಂಪ್‌ಸೆಟ್ ಚಾಲೂ ಆದಾಗ ನಮ್ಮ ಮನೆಯ ಸ್ಟೆಬಿಲೈಜರ್‌ನ ಮುಳ್ಳು 230ರಿಂದ 170ಕ್ಕೆ ಇಳಿಯುವುದುಂಟು. ನಿಮ್ಮ 1050 ಟಿಐ 75 ವ್ಯಾಟ್‌ನದು, ಅದಕ್ಕೆ ಸ್ಲಾಟ್‌ನಿಂದ ಬರುವ ವಿದ್ಯುತ್ತೇ ಸಾಕಾಗಿತ್ತು. 5060 ಟಿಐಗೆ 180 ವ್ಯಾಟ್ ಬೇಕು, ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರ್‌ಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಪ್ರತ್ಯೇಕ ಕೇಬಲ್ ಬೇಕು. ಆದ್ದರಿಂದ 2018ರ ಎಸ್‌ಎಂಪಿಎಸ್ ಬಿಟ್ಟು, 100ರಿಂದ 240 ವೋಲ್ಟ್ ಎಂದು ಬರೆದಿರುವ, ಆಕ್ಟಿವ್ ಪಿಎಫ್‌ಸಿ ಇರುವ 650 ವ್ಯಾಟ್‌ನ ಒಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿ.

600 ವಿಎ ಯುಪಿಎಸ್‌ಗಳಲ್ಲಿ ಹೆಚ್ಚಿನವು ಕೊಡುವುದು 360 ವ್ಯಾಟ್ ಮಾತ್ರ. ಪ್ರೊಸೆಸರ್, ಕಾರ್ಡ್ ಎರಡೂ ದುಡಿಯುತ್ತಿರುವಾಗ ಕರೆಂಟು ಹೋದರೆ ಕಂಪ್ಯೂಟರ್ ಅಲ್ಲೇ ಆರಿಹೋಗುತ್ತದೆ. 600 ವ್ಯಾಟ್‌ನ ಆಸುಪಾಸು ಕೊಡುವ, ಸಾಧ್ಯವಾದರೆ ಪ್ಯೂರ್ ಸೈನ್ ವೇವ್ ಯುಪಿಎಸ್ ಇರಲಿ. ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷವಾಯಿತು ಎಂಬುದನ್ನೂ ಮನೆಯವರನ್ನು ಕೇಳಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಬೇಕು. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಚಾಲೂ ಮಾಡಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಕ್ಯಾಬಿನೆಟ್‌ನ ಹಿಂದಿನ ಖಾಲಿ ಸ್ಲಾಟ್‌ಗಳಿಗೆ ತಗಡಿನ ಮುಚ್ಚಳ ಹಾಕಿಸಿ, ಇಲ್ಲವಾದರೆ ಬೆಚ್ಚಗಿದೆಯೆಂದು ಹಲ್ಲಿಗಳು ಒಳಗೇ ಸಂಸಾರ ಹೂಡುತ್ತವೆ.

ಮಂಡಗದ್ದೆ

ಉಪಕಾರವಾಯಿತು. ಬಿ760 ಡಿಡಿಆರ್4 ಬೋರ್ಡ್, ಐ5-14500, ಎಸ್‌ಎಂಪಿಎಸ್ ಮತ್ತು ಯುಪಿಎಸ್ ಈಗಲೇ ತರುತ್ತೇನೆ. ಕಾರ್ಡ್ ಮುಂದಿನ ತಿಂಗಳು. ಅಲ್ಲಿಯವರೆಗೆ 1050 ಟಿಐಯನ್ನು ಹೊಸ ಬೋರ್ಡ್‌ನಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ದುರ್ಗಿಗುಡಿ

ಧಾರಾಳವಾಗಿ ಇಟ್ಟುಕೊಳ್ಳಿ. ಆದರೆ ಹೊರಗಿನ ಕಾರ್ಡ್ ಕಂಡರೆ ಒಳಗಿನ ಗ್ರಾಫಿಕ್ಸನ್ನು ಕೆಲವು ಬೋರ್ಡ್‌ಗಳು ತಾವೇ ನಿಷ್ಕ್ರಿಯಗೊಳಿಸಿಬಿಡುತ್ತವೆ. ಆದ್ದರಿಂದ ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಅದನ್ನು ಸಕ್ರಿಯಗೊಳಿಸಿ, ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಇಂಟೆಲ್ ಡಿಕೋಡಿಂಗ್‌ಗೆ ಗುರುತು ಹಾಕಿ. ಬಯಾಸ್‌ನ ಹೊಸ ಆವೃತ್ತಿಯನ್ನು ಅಂಗಡಿಯಲ್ಲೇ ಹಾಕಿಸಿಕೊಳ್ಳಿ. 13 ಮತ್ತು 14ನೆಯ ಪೀಳಿಗೆಗಾಗಿ ಇಂಟೆಲ್ 2024ರಲ್ಲಿ ಕೊಟ್ಟ ತಿದ್ದುಪಡಿಗಳು ಅದರಲ್ಲಿ ಬರುತ್ತವೆ. ಬೋರ್ಡ್ ಮತ್ತು ಪ್ರೊಸೆಸರ್‌ನ ಸೀರಿಯಲ್ ನಂಬರನ್ನು ಬಿಲ್‌ನಲ್ಲಿ ಬರೆಸದೆ ಹೊರಡಬೇಡಿ, ವಾರಂಟಿ ಕೇಳುವಾಗ ಅದನ್ನೇ ಮೊದಲು ನೋಡುತ್ತಾರೆ.