ಕ್ಲೂ ಆಟದ ಹಳೆಯ ಪತ್ತೇದಾರಿ ಪುಸ್ತಕಗಳು: ಮಗಳಿಗೆ ಹೇಗೆ ಓದಿಸಲಿ?

ಪ್ರಶ್ನೆ – ಪುಟ್ಟಿಯ ಅಮ್ಮ, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ. ಕ್ಲೂ ಆಟ ಅಂದ್ರೆ ಪ್ರಾಣ (ಕೊಲೆ ಮಾಡಿದ್ದು ಯಾರು, ಯಾವ ಆಯುಧದಿಂದ, ಯಾವ ಕೋಣೆಯಲ್ಲಿ ಅಂತ ಪತ್ತೆ ಹಚ್ಚುವ ಬೋರ್ಡ್ ಆಟ). ಲೈಬ್ರರಿಯ ಹಳೆ ಪುಸ್ತಕಗಳ ಮಾರಾಟದಲ್ಲಿ ಅದೇ ಪಾತ್ರಗಳಿರುವ ತೆಳ್ಳನೆಯ ಕಥೆಪುಸ್ತಕ ಸಿಕ್ಕಿತು. ಒಂದೇ ಸಲಕ್ಕೆ ಕೂತು ಓದಿ "ಮುಗೀತು" ಅಂದಳು. ಯಾವ ಕಥೆಯನ್ನೂ ತಾನೇ ಬಿಡಿಸಲಿಲ್ಲ, ಸೀದಾ ಉತ್ತರ ನೋಡಿಬಿಟ್ಟಳು. ಇವನ್ನು ಹೇಗೆ ಓದಿಸೋದು? ಈ ಸರಣಿಯಲ್ಲಿ ಇನ್ನೂ ಇವೆಯಾ? ಈ ವಯಸ್ಸಿಗೆ ಕೊಲೆಯ ಕಥೆ ಪರವಾಗಿಲ್ವಾ? ಇನ್ನೊಂದು ವಿಷಯ, ಪುಸ್ತಕದಲ್ಲಿರುವ ಮಿಸೆಸ್ ವೈಟ್ ಅನ್ನೋ ಪಾತ್ರ ನಮ್ಮ ಬೋರ್ಡಿನಲ್ಲಿ ಇಲ್ಲವೇ ಇಲ್ಲ!

ಉತ್ತರ – ಸೀಸದಕಡ್ಡಿ, ಮಿಶಿಗನ್

ನೀವು ಕೇಳಿದ್ದು ನೋಡಿ ತುಂಬಾ ಖುಷಿಯಾಯ್ತು. ನನ್ನ ಮಗ ಬೆಳೆದದ್ದೇ ಈ ಪುಸ್ತಕಗಳ ಜೊತೆ. ಸ್ಕೊಲಾಸ್ಟಿಕ್ ಪ್ರಕಾಶನದವರು 1992ರಲ್ಲಿ ಶುರು ಮಾಡಿದ ಸರಣಿ ಇದು, ಒಟ್ಟು 18 ಪುಸ್ತಕ. ಶಾಲೆಯಲ್ಲಿ ತೆಳು ಕಾಗದದ ಪುಸ್ತಕಪಟ್ಟಿ ಕೊಡುತ್ತಿದ್ದರು. ಅದರಲ್ಲಿ ಇವನು ಮೊದಲು ಗುರುತು ಹಾಕುತ್ತಿದ್ದದ್ದು ಇವಕ್ಕೇ.

ಕೊಲೆಯ ಬಗ್ಗೆ ಹೆದರಬೇಡಿ. ಹೆಚ್ಚಿನ ಕಥೆಗಳು ಕಳ್ಳತನ, ಜಗಳ, ಮೋಸದವು. ಆಟದಲ್ಲಿ ಕೊಲೆಯಾಗುವ ಮಿಸ್ಟರ್ ಬಾಡಿ ಪುಸ್ತಕದ ಕೊನೆಗೆ ಸತ್ತ ಅಂತ ಅನಿಸಿದರೂ, ಮುಂದಿನದರಲ್ಲಿ ಏನೋ ಒಂದು ಕಾರಣ ಹೇಳಿಕೊಂಡು ಎದ್ದು ಬರುತ್ತಾನೆ. ಅದಕ್ಕೇ ಸಾಧ್ಯವಾದರೆ ಕ್ರಮವಾಗಿ ಓದಿಸಿ. ಕರ್ನಲ್ ಮಸ್ಟರ್ಡ್‌ಗೆ ಮಾತೆತ್ತಿದರೆ ದ್ವಂದ್ವಯುದ್ಧ. ಪ್ರೊಫೆಸರ್ ಪ್ಲಮ್‌ಗೆ ಎಲ್ಲದರಲ್ಲೂ ಮರೆವು. ಮಿಸೆಸ್ ಪೀಕಾಕ್‌ಗೆ ಶಿಸ್ತು, ಮರ್ಯಾದೆಯೇ ಎಲ್ಲ. ಈ ಸ್ವಭಾವಗಳು ತಮಾಷೆಗೆ ಮಾತ್ರ ಅಲ್ಲ, ಸುಳಿವುಗಳು ಅಲ್ಲೇ ಅಡಗಿರುತ್ತವೆ.

ನನ್ನ ಬಲವಾದ ಅಭಿಪ್ರಾಯ: ಇವನ್ನು ಸುಮ್ನೆ ಓದಿಸಬೇಡಿ, ಪೆನ್ಸಿಲ್ ಹಿಡಿಸಿ. ರಾತ್ರಿಗೆ ಒಂದೇ ಕಥೆ. ಉತ್ತರದ ಪುಟಕ್ಕೆ ಕ್ಲಿಪ್ ಹಾಕಿ. ಹಾಳೆಯ ಮೇಲೆ ಆರು ಜನ, ಆರು ಆಯುಧ, ಒಂಬತ್ತು ಕೋಣೆ ಬರೆಸಿ. ಬೋರ್ಡ್ ಆಟದಲ್ಲಿ ಹೀಗೆ 324 ಜೋಡಣೆ ಆಗುತ್ತವೆ, ಆದರೆ ಕಥೆಯ ಒಂದೇ ಸಾಲು ಅರ್ಧಕ್ಕರ್ಧ ಹೊಡೆದುಹಾಕುತ್ತದೆ. ಕಥೆಯೊಳಗೆ ಆಯುಧ ಕೈಯಿಂದ ಕೈಗೆ ಹೋದಾಗಲೆಲ್ಲ ಬಾಣದ ಗುರುತು ಹಾಕಿಸಿ. ಮಕ್ಕಳು ತಪ್ಪುವುದು ಹೆಚ್ಚಾಗಿ ಅಲ್ಲೇ. ಉತ್ತರ ಹೇಳಿದಾಗ "ಸರಿ" ಅನ್ನಬೇಡಿ. "ಉಳಿದವರು ಯಾಕಲ್ಲ?" ಅಂತ ಕೇಳಿ.

ಪುಸ್ತಕಗಳು ಮುಗಿದ ಮೇಲೆ ನಾನೂ ಮಗನೂ ಸ್ವಂತ ಕಥೆ ಕಟ್ಟುತ್ತಿದ್ದೆವು. ಇದನ್ನು ಪುಟ್ಟಿಗೆ ಕೊಡಿ: ಸ್ಟಡಿಗೆ (ಓದುವ ಕೋಣೆಗೆ) ಇರುವುದು ಒಂದೇ ಬಾಗಿಲು. ಸಂಜೆಯಿಡೀ ಅಲ್ಲಿ ಪ್ಲಮ್ ಕೂತಿದ್ದ, ತನ್ನನ್ನು ದಾಟಿ ಯಾರೂ ಒಳಗೆ ಹೋಗಿಲ್ಲ ಅಂತಾನೆ. ಮಿಸೆಸ್ ವೈಟ್ "ನಾನು ಅಡುಗೆಮನೆ ಬಿಟ್ಟು ಕದಲಿಲ್ಲ, ಅಲ್ಲಿಗೆ ಯಾರೂ ಬರಲಿಲ್ಲ" ಅಂತಾಳೆ. ಆದರೂ ಸ್ಟಡಿಯೊಳಗೆ ಮಸ್ಟರ್ಡ್ ಸಿಕ್ಕಿಬಿದ್ದ. ಇಬ್ಬರಲ್ಲಿ ಒಬ್ಬರ ಮಾತು ಸುಳ್ಳು. ಯಾರದು? ಬೋರ್ಡ್ ನೋಡಬಹುದು.

ಉತ್ತರ – ಮಳೆಯೂರು, ಇಂಗ್ಲೆಂಡ್

ಮಿಸೆಸ್ ವೈಟ್ ವಿಷಯ ಹೇಳ್ತೀನಿ. 2016ರಲ್ಲಿ ಅವಳನ್ನು ತೆಗೆದು ಡಾಕ್ಟರ್ ಆರ್ಕಿಡ್‌ನ ತಂದರು. ನಿಮ್ಮದು ಆಮೇಲಿನ ಬೋರ್ಡ್ ಇರಬೇಕು. ಪುಸ್ತಕಗಳು ಅದಕ್ಕಿಂತ ಹಳೆಯವು, ಅದಕ್ಕೇ ಹೊಂದುತ್ತಿಲ್ಲ. ಅಂದಹಾಗೆ ಇದು ಮೂಲದಲ್ಲಿ ನಮ್ಮ ಕಡೆಯ ಆಟ. ಬರ್ಮಿಂಗ್‌ಹ್ಯಾಮ್‌ನ ಆಂಥನಿ ಪ್ರ್ಯಾಟ್ ಯುದ್ಧದ ಕಾಲದಲ್ಲಿ ಯೋಚಿಸಿದ್ದು, 1944ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಲೀಡ್ಸ್‌ನ ವಾಡಿಂಗ್ಟನ್ಸ್ ಕಂಪನಿ 1949ರಲ್ಲಿ ಮಾರುಕಟ್ಟೆಗೆ ತಂದಿತು. ಇಲ್ಲಿ ಅದು ಕ್ಲೂಡೊ. ಸಾಯುವವನು ಬಾಡಿ ಅಲ್ಲ, ಡಾಕ್ಟರ್ ಬ್ಲ್ಯಾಕ್. ನಿಮ್ಮ ಮಿಸ್ಟರ್ ಗ್ರೀನ್ ಇಲ್ಲಿ ಬಹಳ ಕಾಲ ಪಾದ್ರಿಯಾಗಿದ್ದ.

ಪುಟ್ಟಿಯ ಅಮ್ಮ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸೀಸದಕಡ್ಡಿ ಅವರೇ, ಅವಳು ಬೋರ್ಡ್ ಹರಡಿಕೊಂಡು ಕೂತಳು. ಅಡುಗೆಮನೆಯಿಂದ ಸ್ಟಡಿಗೆ ಗುಟ್ಟಿನ ದಾರಿ ಇದೆ, ಮಸ್ಟರ್ಡ್ ಅಡುಗೆಮನೆಯಿಂದಲೇ ಬಂದಿರಬೇಕು, ವೈಟ್ ಸುಳ್ಳು ಹೇಳಿದಳು ಅಂದಳು. ಆಮೇಲೆ ತಾನೇ ತಡೆದು, "ಪ್ಲಮ್‌ಗೆ ಮರೆವು ಅಲ್ವಾ, ಅವನ ಮಾತು ಹೇಗೆ ನಂಬೋದು?" ಅಂತ ಕೇಳ್ತಿದ್ದಾಳೆ.

ಸೀಸದಕಡ್ಡಿ

ಭೇಷ್! ಆ ಪ್ರಶ್ನೆಯೇ ಬೇಕಿದ್ದದ್ದು. ಈಗ ಪ್ಲಮ್‌ನ ಎಬ್ಬಿಸಿ, ಬಾಗಿಲಲ್ಲಿ ಮಿಸೆಸ್ ಪೀಕಾಕ್‌ನ ಕೂರಿಸೋಕೆ ಹೇಳಿ. ಮುಂದಿನ ಕಥೆ ಅವಳೇ ಬರೆಯಲಿ, ಇಲ್ಲಿ ಹಾಕಿ. ನಾವು ಬಿಡಿಸ್ತೀವಿ.