ಪದಚರ್ಚೆ: ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೆಲಸದಲ್ಲಿ ‘ಅಪ್‌ಗ್ರೇಡ್’ ಎಂಬುದಕ್ಕೆ ಯಾವ ಮಾತು?

ಬಲ್ಲವರೆಲ್ಲರಿಗೂ ನಮಸ್ಕಾರ.

ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ನೆಲೆಸಿರುವ ನನ್ನ ಸೋದರಮಾವನ ಮಗ ತನ್ನ 1983ರ ಪೋರ್ಷೆ 911 ಎಸ್‌ಸಿ ಕಾರಿನ ಗೇರ್‌ಬಾಕ್ಸನ್ನು ಇಳಿಸಿ, ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಕಟ್ಟುತ್ತಿದ್ದಾನೆ. ಕೆಲಸದ ವಿವರವನ್ನೆಲ್ಲ ಕನ್ನಡದಲ್ಲಿ ಬರೆದಿಡಬೇಕೆಂಬುದು ಅವನ ಆಸೆ. ಅದನ್ನು ತಿದ್ದಿ ಒಪ್ಪ ಮಾಡುವ ಹೊಣೆ ನನ್ನದು. ತಿದ್ದುತ್ತಾ ಹೋದಂತೆ ಬಿಡಿಭಾಗಗಳ ಹೆಸರು ನನಗೆ ಅಷ್ಟಾಗಿ ತೊಡಕಾಗಲಿಲ್ಲ. ಗೇರ್, ಬೇರಿಂಗ್, ಕ್ಲಚ್, ಸಿಂಕ್ರೊ ರಿಂಗ್ ಎಂದು ಗ್ಯಾರೇಜಿನಲ್ಲಿ ಆಡುವ ಮಾತನ್ನೇ ಬರೆದರೆ ಓದುವವರಿಗೆ ಅರ್ಥವಾಗುತ್ತದೆ. ತೊಡಕಾದದ್ದು ಕ್ರಿಯಾಪದದಲ್ಲಿ. ಹಳೆಯ ಭಾಗವನ್ನು ತೆಗೆದು ಅದಕ್ಕಿಂತ ಉತ್ತಮವಾದ ಭಾಗವನ್ನು ಹಾಕುವುದಕ್ಕೆ ಅವನು ಬರಹದ ಉದ್ದಕ್ಕೂ ‘ನವೀಕರಣ’ ಎಂದು ಬರೆದಿದ್ದಾನೆ. ಆ ಮಾತು ಇಲ್ಲಿ ಸಲ್ಲುವುದಿಲ್ಲವೆಂದು ನನಗೆ ತೋರುತ್ತದೆ, ಏಕೆ ಎಂಬುದನ್ನು ವಿವರವಾಗಿ ಹೇಳಿ ತಮ್ಮ ಅಭಿಪ್ರಾಯವನ್ನು ಕೇಳಬೇಕೆಂದಿದ್ದೇನೆ.

ಮೊದಲು ಯಂತ್ರದ ವಿಷಯವನ್ನು ಹೇಳಬೇಕು, ಏಕೆಂದರೆ ಕೆಲಸ ತಿಳಿಯದೆ ಪದ ನಿಲ್ಲುವುದಿಲ್ಲ. ಈ ಕಾರಿನಲ್ಲಿರುವುದು 915 ಎಂಬ ಸಂಖ್ಯೆಯಿಂದ ಕರೆಯುವ ಐದು ಗೇರಿನ ಪೆಟ್ಟಿಗೆ. 1972ರ ಮಾದರಿಯಿಂದ 1986ರ ಮಾದರಿಯವರೆಗೆ 911 ಕಾರುಗಳಿಗೆ ಇದನ್ನು ಕೂರಿಸುತ್ತಿದ್ದರು. 1987ರ ಮಾದರಿಯಿಂದ ಇದರ ಜಾಗಕ್ಕೆ ಜಿ50 ಎಂಬ ಬೇರೆಯೇ ಪೆಟ್ಟಿಗೆ ಬಂದಿತು. 915ರ ಒಳಗಿನ ಸಿಂಕ್ರೊ ವ್ಯವಸ್ಥೆ, ಎಂದರೆ ಗೇರ್ ಬದಲಿಸುವಾಗ ತಿರುಗುವ ಭಾಗಗಳ ವೇಗವನ್ನು ಹೊಂದಿಸುವ ಏರ್ಪಾಡು, ಪೋರ್ಷೆ ಕಂಪನಿಯದೇ ವಿನ್ಯಾಸ. ನಾವು ಸಾಮಾನ್ಯವಾಗಿ ಕಾಣುವ ಕಾರುಗಳಲ್ಲಿ ಸಿಂಕ್ರೊ ರಿಂಗ್ ಶಂಕುವಿನ ಆಕಾರದ ಇಡೀ ಉಂಗುರವಾಗಿರುತ್ತದೆ. ಇಲ್ಲಿ ಅದು ಒಂದು ಕಡೆ ಸೀಳಿರುವ ಉಕ್ಕಿನ ಉಂಗುರ. ಗೇರ್ ಹಾಕುವಾಗ ಸ್ಲೀವ್ ಎಂಬ ಜಾರುವ ಬಳೆ ಸರಿದು ಬಂದು, ಅದರ ಒಳಮೈ ಈ ಉಂಗುರದ ಹೊರಮೈಯನ್ನು ಉಜ್ಜುತ್ತದೆ. ಉಜ್ಜಿದ ಎಳೆತಕ್ಕೆ ಉಂಗುರದ ಒಳಗಿರುವ ಪಟ್ಟಿಗಳು ಒತ್ತುಗೊಟ್ಟು ಅದನ್ನು ಇನ್ನಷ್ಟು ಅಗಲಿಸುತ್ತವೆ, ಹಿಡಿತ ಬಲವಾಗುತ್ತದೆ, ಸ್ಲೀವು, ಗೇರು ಎರಡರ ವೇಗವೂ ಒಂದಾದ ಕೂಡಲೇ ಉಂಗುರ ಸಡಿಲಿಸಿ ಸ್ಲೀವನ್ನು ಮುಂದಕ್ಕೆ ಬಿಡುತ್ತದೆ. ಆಗ ಸ್ಲೀವಿನ ಹಲ್ಲುಗಳು ಗೇರಿನ ಪಕ್ಕದ ಮೊನಚು ಹಲ್ಲುಗಳಲ್ಲಿ ಹೋಗಿ ಕೂರುತ್ತವೆ. ಗೇರ್ ‘ಬೀಳುವುದು’ ಎಂದು ನಮ್ಮವರು ಹೇಳುವುದು ಇದನ್ನೇ.

ಸವೆತ ಮೊದಲಾಗುವುದು ಆ ಉಂಗುರದ ಹೊರಮೈಯಲ್ಲಿ. ಹೊಸ ಉಂಗುರಕ್ಕೆ ಮಾಲಿಬ್ಡಿನಂ ಲೇಪವಿರುತ್ತದೆ. ಬೂದುಬಣ್ಣದ ಆ ಮೈಗೆ ಉಗುರು ತಾಗಿಸಿದರೆ ತರಿತರಿಯಾಗಿ ಹಿಡಿಯುತ್ತದೆ. ಸವೆದ ಉಂಗುರದಲ್ಲಿ ನಡುಭಾಗವೆಲ್ಲ ನುಣುಪಾಗಿ ಹೊಳೆಯುತ್ತದೆ, ಉಗುರು ಜಾರಿಹೋಗುತ್ತದೆ. ಹಿಡಿತವಿಲ್ಲದ ಉಂಗುರ ವೇಗ ಹೊಂದುವ ಮೊದಲೇ ಸ್ಲೀವನ್ನು ಬಿಟ್ಟುಬಿಡುವುದರಿಂದ ಹಲ್ಲಿಗೆ ಹಲ್ಲು ಬಡಿದು ಕರ್ರೆನ್ನುತ್ತದೆ, ಮೊನಚು ಹಲ್ಲುಗಳ ತುದಿ ಮೊಂಡಾಗುತ್ತದೆ, ಕೊನೆಗೆ ಗೇರ್ ಸರಿಯಾಗಿ ಕೂರದೆ ಹಾರತೊಡಗುತ್ತದೆ. ಮೊದಲನೆಯ ಮತ್ತು ಎರಡನೆಯ ಗೇರಿನಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಹೊಂದಿಸಬೇಕಾದ ವೇಗದ ಅಂತರ ಹೆಚ್ಚು.

ಇಲ್ಲಿಯವರೆಗಿನ ಮಾತಿಗೆ ಕನ್ನಡದಲ್ಲಿ ಯಾವ ಕೊರತೆಯೂ ಇಲ್ಲವೆಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಇಂಗ್ಲಿಷಿನಿಂದ ಬರುವ ಒಂದೇ ಮಾತನ್ನು ಹಿಡಿದು ಎಲ್ಲ ಕಡೆ ‘ಸವೆತ’ ಎಂದು ಬರೆಯುವ ಅಗತ್ಯವೇ ಇಲ್ಲ. ಉಂಗುರದ ಮೈ ತೇದಿದೆ, ಹಲ್ಲಿನ ತುದಿ ಮೊಂಡಾಗಿದೆ, ಬೇರಿಂಗಿನ ಓಟದ ದಾರಿಯಲ್ಲಿ ಕುಳಿ ಬಿದ್ದಿದೆ, ಗೇರಿನ ಹಲ್ಲಿನ ಮೈ ಹಕ್ಕಳೆ ಎದ್ದಿದೆ, ಶಾಫ್ಟ್ ಮೇಲೆ ಗೀರು ಮೂಡಿದೆ, ಬುಷ್ ಆಟ ಬಂದಿದೆ ಎಂದರೆ ಆರೂ ಬೇರೆ ಬೇರೆ ದೋಷಗಳು, ಪ್ರತಿಯೊಂದಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ತೇದಿದ್ದರೆ ಉಜ್ಜುವ ಎರಡೂ ಮೈಗಳನ್ನು ನೋಡಬೇಕು. ಹಕ್ಕಳೆ ಎದ್ದಿದ್ದರೆ ಉಕ್ಕೇ ದಣಿದಿದೆ ಎಂದು ಅರ್ಥ, ಆ ಗೇರನ್ನು ಉಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಅವನ ಬರಹದಲ್ಲಿ ‘ಸವೆತ’ ಎಂದಿದ್ದ ಕಡೆಗಳಲ್ಲೆಲ್ಲ ಈ ಮಾತುಗಳನ್ನು ಹಂಚಿ ಬರೆದಾಗ ವಿವರಣೆ ಅರ್ಧಕ್ಕರ್ಧ ಕಡಿಮೆಯಾಯಿತು.

‘ರೀಬಿಲ್ಡ್’ ಎಂಬುದಕ್ಕೆ ಅವನು ಬರೆದಿದ್ದ ‘ಪುನರ್ನಿರ್ಮಾಣ’ವನ್ನೂ ತೆಗೆದು ‘ಬಿಚ್ಚಿ ಕಟ್ಟುವುದು’ ಎಂದು ಮಾಡಿದ್ದೇನೆ. ಪುನರ್ನಿರ್ಮಾಣ ಎಂದರೆ ಕೆಡವಿದ್ದನ್ನು ಹೊಸದಾಗಿ ಕಟ್ಟುವುದು. ಇಲ್ಲಿ ಕವಚ, ಶಾಫ್ಟ್, ಬಹುಪಾಲು ಗೇರುಗಳು ಹಳೆಯವೇ ಉಳಿಯುತ್ತವೆ. ಇಂಜಿನ್ ಬಿಚ್ಚಿ ಕಟ್ಟಿದರು ಎಂಬ ಮಾತು ಬಳಕೆಯಲ್ಲಿ ಇರುವಾಗ ಗೇರ್‌ಬಾಕ್ಸಿಗೂ ಅದನ್ನೇ ಹೇಳುವುದು ಸರಿಯೆನಿಸಿತು.

ಈಗ ಮೂಲ ಪ್ರಶ್ನೆ. ಬಿಚ್ಚಿದ ಪೆಟ್ಟಿಗೆಯ ಮುಂದೆ ಕುಳಿತವನು ಒಂದೊಂದು ಭಾಗವನ್ನೂ ಕೈಗೆತ್ತಿಕೊಂಡು ತೀರ್ಮಾನಿಸಬೇಕಾದ ಸಂಗತಿಗಳು ನನಗೆ ಕಂಡಂತೆ ನಾಲ್ಕು. ಇರುವುದನ್ನೇ ತೊಳೆದು ಹಾಕಬಹುದು. ಅದೇ ಅಳತೆಯ, ಅದೇ ವಿನ್ಯಾಸದ ಹೊಸದನ್ನು ಹಾಕಬಹುದು. ತಯಾರಕರೇ ಮುಂದಿನ ವರ್ಷಗಳಲ್ಲಿ ತಿದ್ದಿ ಹೊರತಂದ ಅದೇ ಭಾಗದ ನಂತರದ ರೂಪವನ್ನು ಹಾಕಬಹುದು. ಇಲ್ಲವೇ ತಯಾರಕರು ಎಂದೂ ಕೂರಿಸದ, ಹೊರಗಿನವರು ಹೆಚ್ಚು ಬಲಕ್ಕೆಂದು ಮಾಡಿದ ಭಾಗವನ್ನು ಹಾಕಬಹುದು. ಕೊನೆಯ ಎರಡನ್ನೂ ಇಂಗ್ಲಿಷಿನಲ್ಲಿ ‘ಅಪ್‌ಗ್ರೇಡ್’ ಎಂಬ ಒಂದೇ ಮಾತಿನಿಂದ ಹೇಳುತ್ತಾರೆ, ಕನ್ನಡದಲ್ಲಿ ‘ನವೀಕರಣ’ ಎಂದುಬಿಟ್ಟರೆ ಎರಡನೆಯದೂ ಅದರೊಳಗೆ ಸೇರಿಹೋಗುತ್ತದೆ. ಚಾಲನಾ ಪರವಾನಗಿಯ ನವೀಕರಣವೆಂದರೆ ಅದೇ ಪರವಾನಗಿಗೆ ಹೊಸ ಅವಧಿ ಸಿಗುವುದಷ್ಟೆ. ಹೀಗಿರುವಾಗ ‘ಎರಡನೆಯ ಗೇರಿನ ಸಿಂಕ್ರೊ ನವೀಕರಿಸಿದೆ’ ಎಂದು ಓದಿದವನು ಹೊಸ ಉಂಗುರ ಹಾಕಿದರೆಂದು ತಿಳಿಯಬೇಕೋ, ಬೇರೆ ಬಗೆಯದನ್ನು ಹಾಕಿದರೆಂದು ತಿಳಿಯಬೇಕೋ? ಕಾರಿನ ಮಾಲೀಕನ ದೃಷ್ಟಿಯಿಂದ ಇದು ಸಣ್ಣ ವ್ಯತ್ಯಾಸವಲ್ಲ, ಖರ್ಚಿನಲ್ಲೂ ಪರಿಣಾಮದಲ್ಲೂ ಬಹಳ ದೂರದ ಮಾತು.

‘ಮೇಲ್ದರ್ಜೆಗೇರಿಸು’ ಎಂಬುದು ಪತ್ರಿಕೆಗಳಲ್ಲಿ ನಿತ್ಯ ಬಳಕೆಯಲ್ಲಿದೆ. ಆರೋಗ್ಯ ಕೇಂದ್ರವನ್ನು ಆಸ್ಪತ್ರೆಯಾಗಿ ಮೇಲ್ದರ್ಜೆಗೇರಿಸುತ್ತಾರೆ, ಜಿಲ್ಲಾ ರಸ್ತೆಯನ್ನು ರಾಜ್ಯ ಹೆದ್ದಾರಿಯಾಗಿ ಮೇಲ್ದರ್ಜೆಗೇರಿಸುತ್ತಾರೆ. ಅಲ್ಲೆಲ್ಲ ಇದ್ದದ್ದು ಇದ್ದಲ್ಲಿಯೇ ಉಳಿದು ಅದರ ದರ್ಜೆ ಏರುತ್ತದೆ. ಬೇರಿಂಗಿನ ವಿಷಯದಲ್ಲಿ ಹಾಗಲ್ಲ. ಹಳೆಯ ಬೇರಿಂಗ್ ಗುಜರಿಗೆ ಹೋಗಿ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಆದ್ದರಿಂದ ‘ಗೇರ್‌ಬಾಕ್ಸನ್ನು ಮೇಲ್ದರ್ಜೆಗೇರಿಸಿದೆ’ ಎಂಬ ವಾಕ್ಯವನ್ನು ಒಪ್ಪಬಹುದು, ‘ಬೇರಿಂಗನ್ನು ಮೇಲ್ದರ್ಜೆಗೇರಿಸಿದೆ’ ಎಂಬುದು ನನ್ನ ಕಿವಿಗೆ ಒಪ್ಪುವುದಿಲ್ಲ. ‘ಉನ್ನತೀಕರಣ’ಕ್ಕೂ ಇದೇ ಆಕ್ಷೇಪ ಹೊಂದುತ್ತದೆ.

ನನ್ನ ಸಲಹೆ ಇಷ್ಟು: ಮೂರನೆಯದಕ್ಕೆ ‘ಸುಧಾರಿತ ಭಾಗ ಹಾಕು’, ನಾಲ್ಕನೆಯದಕ್ಕೆ ‘ಬಲಪಡಿಸು’. ‘ಬಲಪಡಿಸು’ ಎಂಬ ಮಾತಿಗೆ ಈ ಪೆಟ್ಟಿಗೆಯಲ್ಲೇ ಒಳ್ಳೆಯ ಉದಾಹರಣೆಗಳಿವೆ. ಆರಂಭದ ವರ್ಷಗಳ 915ರ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು, ಆಮೇಲೆ ಅಲ್ಯೂಮಿನಿಯಂ ಬಂದಿತು. ಕಾಲಕ್ರಮೇಣ ಬೇರಿಂಗ್ ಕೂರುವ ಗೂಡು ಸಡಿಲಗೊಂಡು, ಬೇರಿಂಗಿನ ಹೊರಬಳೆ ಕವಚದಲ್ಲೇ ತಿರುಗಲು ಶುರುವಾಗುವುದುಂಟು. ಅದನ್ನು ತಡೆಯಲು ಬೇರಿಂಗುಗಳನ್ನು ಅದುಮಿ ಹಿಡಿಯುವ ದಪ್ಪ ಉಕ್ಕಿನ ತಗಡನ್ನು ಹೊರಗಿನ ತಯಾರಕರು ಮಾಡುತ್ತಾರೆ. ಹಾಗೆಯೇ ಎರಡು ಹಿಂಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಪಕ್ಕದ ಮುಚ್ಚಳ, ಇಂಜಿನ್ನಿನ ಬಲ ಹೆಚ್ಚಿಸಿದ ಕಾರುಗಳಲ್ಲಿ, ಭಾರ ಬಿದ್ದಾಗ ಬಾಗುತ್ತದೆ. ಬಾಗಿದರೆ ಡಿಫರೆನ್ಷಿಯಲ್ಲಿನ ದೊಡ್ಡ ಗೇರಾದ ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್ ಹಲ್ಲುಗಳ ಹೊಂದಾಣಿಕೆ ತಪ್ಪುತ್ತದೆ. ಗಟ್ಟಿ ಅಲ್ಯೂಮಿನಿಯಂ ದಿಮ್ಮಿಯಿಂದ ಕೊರೆದ ಮುಚ್ಚಳ ಹಾಕುವುದು ಅದಕ್ಕಾಗಿ. ಈ ಎರಡರಲ್ಲೂ ಆಗುತ್ತಿರುವುದು ಬಲಪಡಿಸುವಿಕೆ, ಹಾಗೆಂದೇ ಹೇಳಿದರೆ ಓದುಗನಿಗೆ ಉದ್ದೇಶವೂ ತಿಳಿಯುತ್ತದೆ.

ಕೆಲವರು 915ನ್ನೇ ತೆಗೆದು ಜಿ50 ಕೂರಿಸುತ್ತಾರೆ. ಅದಕ್ಕೆ ಕಾರಿನ ಹಿಂಭಾಗದ ಟಾರ್ಷನ್ ಬಾರ್ (ಸ್ಪ್ರಿಂಗಿನಂತೆ ತಿರುಚಿಕೊಳ್ಳುವ ಸರಳು) ಇರುವ ಕೊಳವೆಯನ್ನೇ ಕತ್ತರಿಸಿ ಮಾರ್ಪಡಿಸಬೇಕು, ಕ್ಲಚ್ಚಿನ ಕೇಬಲ್ ಹೋಗಿ ಹೈಡ್ರಾಲಿಕ್ ಬರಬೇಕು. ಅದನ್ನು ‘ಮಾರ್ಪಾಡು’ ಎನ್ನುವುದೇ ಸರಿ.

ಇನ್ನೊಂದು ಅಂಶವನ್ನು ಪದದ ನೆಪದಲ್ಲಿ ಒತ್ತಿ ಹೇಳಲೇಬೇಕು. ಸವೆದ ಒಂದು ಭಾಗವನ್ನು ಮಾತ್ರ ಉತ್ತಮಪಡಿಸಿ ಅದರ ಜೊತೆಗಾರನನ್ನು ಹಳೆಯದೇ ಬಿಟ್ಟರೆ ಹೊಸದು ಬೇಗ ಹಾಳಾಗುತ್ತದೆ. ಹೊಸ ಉಂಗುರಕ್ಕೆ ತೇದ ಸ್ಲೀವ್ ಕೊಟ್ಟರೆ, ಮೊಂಡು ಹಲ್ಲುಗಳ ಎದುರಿಗೆ ಹೊಸ ಸ್ಲೀವ್ ಕೊಟ್ಟರೆ, ಆ ಖರ್ಚು ನೀರಿನಲ್ಲಿ ಹೋಮ ಮಾಡಿದಂತೆ. ಈ ಪೆಟ್ಟಿಗೆಯಲ್ಲಿ ಮೊನಚು ಹಲ್ಲುಗಳ ಬಳೆಯನ್ನು ಗೇರಿಗೆ ಒತ್ತಿ ಕೂರಿಸಿರುವುದರಿಂದ ಗೇರನ್ನು ಉಳಿಸಿಕೊಂಡು ಬಳೆಯನ್ನಷ್ಟೇ ಬದಲಿಸಬಹುದು, ಇದು ದೊಡ್ಡ ಅನುಕೂಲ. ಆದರೆ 31 ಹಲ್ಲಿನ ಕ್ರೌನ್, 8 ಹಲ್ಲಿನ ಪಿನಿಯನ್ ಇವೆರಡೂ ಒಂದಕ್ಕೊಂದು ಪಳಗಿದ ಜೋಡಿ. ಬದಲಿಸಿದರೆ ಎರಡನ್ನೂ ಬದಲಿಸಬೇಕು, ಒಂದನ್ನೇ ಬದಲಿಸುವಂತಿಲ್ಲ. ‘ಮೇಟೆಡ್’ ಎಂಬುದಕ್ಕೆ ‘ಪಳಗಿದ ಜೋಡಿ’ ಎಂದೇ ಬರೆದಿದ್ದೇನೆ, ಇದಕ್ಕೆ ಯಾರೂ ತಕರಾರು ಮಾಡಲಾರರೆಂದು ನಂಬಿದ್ದೇನೆ. ಬಿಚ್ಚುವ ಮುನ್ನ ಗೇರ್ ಲಿವರಿನ ಬುಡದ ಬುಷ್, ಕ್ಯಾಬಿನ್ ಹಿಂಭಾಗದ ಜೋಡಣೆಯ ಪ್ಲಾಸ್ಟಿಕ್ ಬುಷ್‌ಗಳು, ಕ್ಲಚ್ ಪೂರ್ತಿ ಬಿಡುತ್ತಿದೆಯೋ ಇಲ್ಲವೋ ಎಂಬುದು, ಇವನ್ನು ನೋಡದೆ ಸಿಂಕ್ರೊವನ್ನು ದೂರುವುದು ತಪ್ಪು ಎಂಬ ಎಚ್ಚರಿಕೆಯನ್ನೂ ಅವನ ಬರಹಕ್ಕೆ ಸೇರಿಸಿದೆ. ಅಗ್ಗದ ಬುಷ್ ಹೋಗಿದ್ದಕ್ಕೆ ಇಡೀ ಪೆಟ್ಟಿಗೆ ಇಳಿಸಿದವರೂ ಇದ್ದಾರೆ.

ಇನ್ನು ತೀರ್ಮಾನವಾಗದೆ ಉಳಿದ ಎರಡು ಪದಗಳಿವೆ. ಮೊದಲನೆಯದು ನಾನು ಮೇಲೆ ‘ಮೊನಚು ಹಲ್ಲು’ ಎಂದು ಬರೆದುಕೊಂಡು ಬಂದದ್ದು, ಇಂಗ್ಲಿಷಿನಲ್ಲಿ ‘ಡಾಗ್ ಟೀತ್’. ಅಲ್ಲಿ ‘ಡಾಗ್’ ಎಂದರೆ ಕಚ್ಚಿ ಹಿಡಿಯುವ ಕೊಂಡಿ ಎಂಬ ಯಂತ್ರಶಾಸ್ತ್ರದ ಅರ್ಥವಿರುವುದರಿಂದ ‘ನಾಯಿಹಲ್ಲು’ ಎಂದು ಬರೆಯುವುದು ಸಾಧ್ಯವಿಲ್ಲ. ‘ಕಚ್ಚುಹಲ್ಲು’ ಎಂದರೆ ಹೇಗೆ? ಗೇರು ಸದಾ ಒಂದಕ್ಕೊಂದು ಸಿಕ್ಕಿಕೊಂಡೇ ತಿರುಗುವ ಹಲ್ಲಿಗೂ, ಗೇರ್ ಹಾಕಿದಾಗ ಮಾತ್ರ ಕಚ್ಚುವ ಹಲ್ಲಿಗೂ ಇರುವ ಭೇದ ಅದರಲ್ಲಿ ಸ್ಪಷ್ಟವಾಗುತ್ತದೆ.

ಎರಡನೆಯದು ‘ಆಟ’. ಸ್ಟೇರಿಂಗಿಗೆ ಆಟ ಜಾಸ್ತಿಯಾಗಿದೆ ಎಂಬ ಮಾತು ನಮ್ಮ ಮೆಕ್ಯಾನಿಕರಲ್ಲಿ ರೂಢಿಯಲ್ಲಿದೆ. ಆದರೆ ಗೇರ್‌ಬಾಕ್ಸಿನಲ್ಲಿ ಶಾಫ್ಟ್ ಉದ್ದಕ್ಕೆ ಮುಂದೆ ಹಿಂದೆ ಸರಿಯುವ ಸಡಿಲವೇ ಬೇರೆ, ಹಲ್ಲಿಗೂ ಹಲ್ಲಿಗೂ ನಡುವೆ ಬಿಟ್ಟಿರುವ ಸಡಿಲವೇ ಬೇರೆ. ಎರಡನೆಯದು ದೋಷವೇ ಅಲ್ಲ. ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸಿನಲ್ಲಿ, ತೆಳು ಬಿಲ್ಲೆಗಳನ್ನು ಹಾಕಿ ತೆಗೆದು ಬೇಕೆಂದೇ ಹೊಂದಿಸಿ ಇಡಬೇಕಾದ ಅಂತರ ಅದು, ಇಲ್ಲದಿದ್ದರೆ ಎಣ್ಣೆಗೆ ಜಾಗವಿಲ್ಲದೆ ಹಲ್ಲು ಕಾದು ಹೋಗುತ್ತದೆ. ‘ಆಟ’ ಎಂದರೆ ಓದುಗನ ಮನಸ್ಸಿಗೆ ದೋಷವೇ ಮೊದಲು ಬರುತ್ತದೆ. ‘ಉದ್ದಾಟ’, ‘ಹಲ್ಲುಬಿಡುವು’ ಎಂದು ತಾತ್ಕಾಲಿಕವಾಗಿ ಬರೆದಿಟ್ಟಿದ್ದೇನೆ. ಅಚ್ಚುಕಟ್ಟಾದ ಮಾತು ಗ್ಯಾರೇಜುಗಳಲ್ಲೋ, ಐಟಿಐ ಪಾಠಗಳಲ್ಲೋ, ಬೀಸುವ ಗಿರಣಿಗಳನ್ನು ದುರಸ್ತಿ ಮಾಡುವವರಲ್ಲೋ ತಮ್ಮ ಊರಿನ ಕಡೆ ಬಳಕೆಯಲ್ಲಿದ್ದರೆ, ಯಾವ ಸೀಮೆಯ ಮಾತೆಂಬುದರೊಂದಿಗೆ ದಯವಿಟ್ಟು ತಿಳಿಸಬೇಕು.