ಹೋಮ್ ಗಾರ್ಡ್‌ನಲ್ಲಿದ್ದ ರೈತರೊಬ್ಬರ ಬಗ್ಗೆ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ನಾವು ಇಂಗ್ಲೆಂಡಿನ ಡೆವನ್‌ನ ಒಂದು ಹಳ್ಳಿಯಲ್ಲಿ ಬಾಡಿಗೆಗಿದ್ದೇವೆ. ಓನರ್‌ಗೆ ಎಂಬತ್ತು ದಾಟಿದೆ. ಅವರ ತಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಲ, ಹಸು ನೋಡಿಕೊಂಡು, ಊರು ಕಾಯುವ ಪಡೆಯಾದ ಹೋಮ್ ಗಾರ್ಡ್‌ನಲ್ಲೂ ಇದ್ದರಂತೆ. ಒಂದು ತಗಡಿನ ಡಬ್ಬಿ ಕೊಟ್ಟು, ಹಳ್ಳಿಯ ಹಾಲ್‌ನಲ್ಲಿ ಇಡೋಕೆ ಎರಡು ಪುಟ ಬರೆದುಕೊಡಿ ಅಂದಿದ್ದಾರೆ. ಜೊತೆಗೆ "ಅಪ್ಪ ಯುದ್ಧಕ್ಕೇನೂ ಹೋಗಲಿಲ್ಲ, ಹೇಳೋಕೆ ಜಾಸ್ತಿ ಇಲ್ಲ" ಅಂತಲೂ ಅಂದರು. ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಹೆರೆಫರ್ಡ್‌ನಿಂದ

ಮೇಡಂ, ಮೊದಲು ಆ "ಜಾಸ್ತಿ ಇಲ್ಲ" ಅನ್ನೋ ಮಾತನ್ನು ಪಕ್ಕಕ್ಕಿಡಿ. ನಮ್ಮ ಪಕ್ಕದ ಮನೆ ಅಜ್ಜಿಯೂ ತೀರಿಹೋದ ಗಂಡನ ಬಗ್ಗೆ ಹಾಗೇ ಅಂದಿದ್ದರು. ಬೇಸಾಯ ಆಗ ಸೇನೆಗೆ ಕರೆಸಿಕೊಳ್ಳದ ಕೆಲಸಗಳ ಪಟ್ಟಿಯಲ್ಲಿತ್ತು. ಆಹಾರ ತರುವ ಹಡಗುಗಳನ್ನು ಜರ್ಮನ್ ಸಬ್‌ಮರೀನ್‌ಗಳು ಮುಳುಗಿಸುತ್ತಿದ್ದವು, ದೇಶದ ಹೊಟ್ಟೆ ತುಂಬಬೇಕಿತ್ತು. ಆದರೂ ಓರಗೆಯವರೆಲ್ಲ ಯೂನಿಫಾರ್ಮ್ ಹಾಕಿಕೊಂಡು ಹೋದಾಗ ಹೊಲದಲ್ಲೇ ಉಳಿದವರಿಗೆ ಕೊರಗು ಇದ್ದೇ ಇರುತ್ತೆ ಅಲ್ವಾ?

1940ರ ಮೇ 14ರ ರಾತ್ರಿ ಯುದ್ಧ ಮಂತ್ರಿ ಆಂಥೊನಿ ಈಡನ್ ರೇಡಿಯೋದಲ್ಲಿ 17ರಿಂದ 65 ವರ್ಷದ ಗಂಡಸರನ್ನು ಊರು ಕಾಯೋಕೆ ಕರೆದರು. ಜನ ಪೊಲೀಸ್ ಠಾಣೆಗೆ ಹೋಗಿ ಹೆಸರು ಕೊಟ್ಟರು. ಶುರುವಿನ ಹೆಸರು ಲೋಕಲ್ ಡಿಫೆನ್ಸ್ ವಾಲಂಟಿಯರ್ಸ್ (ಎಲ್‌ಡಿವಿ), ಜುಲೈನಲ್ಲಿ ಹೋಮ್ ಗಾರ್ಡ್ ಆಯಿತು. ಡಬ್ಬಿಯಲ್ಲಿ ಎಲ್‌ಡಿವಿ ಅಂತ ಅಚ್ಚಾದ ತೋಳುಪಟ್ಟಿ ಇದೆಯಾ ನೋಡಿ. ಇದ್ದರೆ ಅವರು ಆ ಮೊದಲ ತಿಂಗಳುಗಳಲ್ಲೇ ಸೇರಿದವರು ಅಂತ ಹೇಳಬಹುದು.

ಆ ಅಜ್ಜಿಯ ಗಂಡನ ಬಗ್ಗೆ ಬರೆಯುವಾಗ ನನಗೆ ದಾರಿ ತೋರಿಸಿದ್ದು ಅವರ ಹಾಲಿನ ಲೆಕ್ಕದ ಪುಸ್ತಕ. ಕರಿ ರಟ್ಟು, ಒಂದು ಮೂಲೆ ಇಲಿ ತಿಂದಿತ್ತು. ಎಡಗಡೆ ಹಸುಗಳ ಹೆಸರು, ಯಾವುದು ಎಷ್ಟು ಕೊಟ್ಟಿತು ಅಂತ. ಬಲಗಡೆ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "ಗುಡ್ಡ, 10ರಿಂದ 2". ವಾರಕ್ಕೆ ಎರಡು ಸಲ. ಪ್ಯಾರಾಚೂಟ್‌ನಲ್ಲಿ ಶತ್ರು ಇಳಿತಾನಾ ಅಂತ ರಾತ್ರಿ ಗುಡ್ಡದ ಮೇಲೆ ಕಾಯೋದು, ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆಯೋದು. ಒಂದು ದಿನ ಮಾತ್ರ "ಗುಡ್ಡ" ಹೊಡೆದುಹಾಕಿ, ಎಡಗಡೆ "ಹೆಣ್ಣು ಕರು" ಅಂತ ಬರೆದಿದ್ದರು. ಅಜ್ಜಿ ಆ ಗೆರೆ ಮೇಲೆ ಬೆರಳಿಟ್ಟು ತುಂಬ ಹೊತ್ತು ಸುಮ್ನೆ ಕೂತರು.

ಹಾಗಾಗಿ ಪದಕ, ಬಂದೂಕು ಹುಡುಕೋ ಮೊದಲು ಲೆಕ್ಕದ ಪುಸ್ತಕ ಇದೆಯಾ ಕೇಳಿ. 1942ರಿಂದ ತಿಂಗಳಿಗೆ 48 ಗಂಟೆವರೆಗೆ ಡ್ಯೂಟಿ ಕಡ್ಡಾಯವೂ ಆಯಿತು. ಸುಗ್ಗಿ ಕಾಲದಲ್ಲಿ ಆ ಗಂಟೆಗಳನ್ನು ಎಲ್ಲಿಂದ ತಂದರು? ನಿಮ್ಮ ಎರಡು ಪುಟ ಅದನ್ನೇ ಹೇಳಲಿ.

ಲಂಡನ್‌ನಿಂದ

ಮೇಲಿನವರು ಹೇಳಿದ್ದು ನಿಜ. ಅದಕ್ಕೆ ಲಂಡನ್‌ನ ಕ್ಯೂ ಅನ್ನೋ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸ್ (ಸರ್ಕಾರಿ ಹಳೇ ದಾಖಲೆಗಳ ಸಂಗ್ರಹ) ಸೇರಿಸಿಕೊಳ್ಳಿ. 1941ರಿಂದ 43ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐದು ಎಕರೆ ಅಥವಾ ಅದಕ್ಕಿಂತ ದೊಡ್ಡ ಜಮೀನುಗಳ ಸರ್ವೆ ನಡೆಯಿತು, ಸುಮಾರು 3 ಲಕ್ಷ ಜಮೀನು. ಎಷ್ಟು ಕುದುರೆ, ಟ್ರ್ಯಾಕ್ಟರ್ ಇತ್ತಾ, ಕರೆಂಟ್ ಇತ್ತಾ, ನೀರು ಎಲ್ಲಿಂದ, ಮೊಲದ ಕಾಟ ಎಷ್ಟು, ಎಲ್ಲ ಬರೆದಿದ್ದಾರೆ. ಆ ದಾಖಲೆ ಎಂಎಎಫ್ 32 ಅನ್ನೋ ಸರಣಿಯಲ್ಲಿದೆ. ಹೋಗುವ ಮೊದಲು ಜಮೀನಿನ ಹೆಸರು ಮತ್ತು ಅದು ಸೇರಿದ ಪ್ಯಾರಿಷ್ (ಊರಿನ ಆಡಳಿತ ವಿಭಾಗ) ಹೆಸರು ಗೊತ್ತು ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ರೈತನಿಗೆ ಎ, ಬಿ, ಸಿ ಅಂತ ದರ್ಜೆಯೂ ಕೊಟ್ಟಿದ್ದಾರೆ. ದರ್ಜೆ ಕಡಿಮೆ ಇದ್ದರೆ ವಯಸ್ಸಾಗಿದೆ, ಬಂಡವಾಳ ಇಲ್ಲ, ಅಥವಾ ಸ್ವಂತ ದೋಷ ಅಂತ ಕಾರಣವನ್ನೂ ಹಾಕಿರುತ್ತಾರೆ. ನಾನು ಮೊದಲೇ ನೋಡಿಕೊಳ್ಳದೆ ಒಂದು ಮನೆಯವರ ಮುಂದೆ ಜೋರಾಗಿ ಓದಿಬಿಟ್ಟೆ. ಮಗಳ ಮುಖ ಬಾಡಿಹೋಯಿತು. ನೀವು ಮೊದಲು ಒಬ್ಬರೇ ಓದಿಕೊಳ್ಳಿ, ಆಮೇಲೆ ಓನರ್‌ಗೆ ತೋರಿಸಿ. ಹಾಲ್‌ನಲ್ಲಿ ಇಡೋದು ಬಿಡೋದು ಅವರಿಗೆ ಬಿಟ್ಟಿದ್ದು.

ಸ್ವಿಂಡನ್‌ನಿಂದ

ಡಬ್ಬಿಯಲ್ಲಿ ಗುರಾಣಿ ಆಕಾರದ ಕೆಂಪು-ನೀಲಿ ಸಣ್ಣ ಬ್ಯಾಡ್ಜ್ ಇದ್ದರೆ ಫೋಟೋ ಹಾಕಿ. ಆಕ್ಸಿಲರಿ ಯೂನಿಟ್ಸ್ ಅಂತ ಗುಪ್ತ ಪಡೆ ಒಂದಿತ್ತು. ಜರ್ಮನ್ನರು ಬಂದುಬಿಟ್ಟರೆ ನೆಲದಡಿಯ ಅಡಗುತಾಣದಿಂದ ಹೊರಗೆ ಬಂದು ರೈಲು, ಸೇತುವೆ ಒಡೆಯೋದು ಅವರ ಕೆಲಸ. ಕಾಡುಮೇಡು ಕಣ್ಣುಮುಚ್ಚಿ ಬಲ್ಲವರು ಬೇಕಿತ್ತು, ಅದಕ್ಕೆ ರೈತರನ್ನೇ ಜಾಸ್ತಿ ಆರಿಸಿದರು. ನಮ್ಮೂರಿನ ಹತ್ತಿರದ ಕೋಲ್ಸ್‌ಹಿಲ್‌ನಲ್ಲಿ ತರಬೇತಿ. ಹೊರಗಿನವರಿಗೆ ಅವರೂ ಹೋಮ್ ಗಾರ್ಡೇ. ಎಷ್ಟೋ ಜನ ಹೆಂಡತಿಗೂ ಹೇಳದೆ ಕಣ್ಣುಮುಚ್ಚಿದರು.

ಇನ್ನೊಂದು ವಿಷಯ. ಮೂರು ವರ್ಷ ಹೋಮ್ ಗಾರ್ಡ್‌ನಲ್ಲಿ ದುಡಿದವರಿಗೆ ಡಿಫೆನ್ಸ್ ಮೆಡಲ್ ಸಲ್ಲುತ್ತಿತ್ತು, ಆದರೆ ಅರ್ಜಿ ಹಾಕಬೇಕಿತ್ತು. ಎಷ್ಟೋ ರೈತರು ಹಾಕಲೇ ಇಲ್ಲ. ಈಗಲೂ ಹತ್ತಿರದ ವಾರಸುದಾರರು ರಕ್ಷಣಾ ಇಲಾಖೆಗೆ ಬರೆದು ಕೇಳಬಹುದು.

ಲೀಡ್ಸ್‌ನಿಂದ

ಅಕ್ಕಾ, ನಿಮ್ಮ ಓನರ್ ಆಗ ಎಳೆ ಮಗು ಅಲ್ವಾ? ಅವರಿಗಿಂತ ದೊಡ್ಡವರು ಯಾರಾದರೂ ಇದ್ದಾರಾ ಕೇಳಿ. ಇದ್ದರೆ ಆರ್ಕೈವ್ಸ್ ಆಮೇಲೆ, ಅವರ ಹತ್ತಿರ ಮೊದಲು ಹೋಗಿ. ಚರ್ಚ್ ಗಂಟೆ ಬಗ್ಗೆ ಕೇಳಿ. 1940ರಲ್ಲಿ ಅದನ್ನು ನಿಲ್ಲಿಸಿಬಿಟ್ಟಿದ್ದರು, ಶತ್ರು ಇಳಿದರೆ ಮಾತ್ರ ಬಾರಿಸಬೇಕು ಅಂತ. ವಿಮಾನ ಇಳಿಯದ ಹಾಗೆ ಬಯಲಿನಲ್ಲಿ ಹಳೇ ಗಾಡಿ ನಿಲ್ಲಿಸಿದ್ದು, ದಾರಿಯ ಊರ ಫಲಕ ಕಿತ್ತಿದ್ದು, ಇವೆಲ್ಲ ಮಕ್ಕಳ ಕಣ್ಣಲ್ಲಿ ಉಳಿದಿರುತ್ತೆ. ಅಪ್ಪ ಗುಡ್ಡದ ಮೇಲಿದ್ದಾಗ ಕೊಟ್ಟಿಗೆ ನೋಡಿದ್ದು ಯಾರು ಅಂತಲೂ ಕೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಥ್ಯಾಂಕ್ಸ್. ತೋಳುಪಟ್ಟಿ ಇದೆ, ಎಲ್‌ಡಿವಿ ಅಂತಲೇ ಇದೆ. ಬ್ಯಾಡ್ಜ್ ಇಲ್ಲ. ಓನರ್‌ಗೆ ಅಕ್ಕ ಇದ್ದಾರಂತೆ, ತೊಂಬತ್ತೊಂದು ವರ್ಷ, ಎಕ್ಸೆಟರ್‌ನ ಒಂದು ವೃದ್ಧಾಶ್ರಮದಲ್ಲಿ. ಕೊಟ್ಟಿಗೆ ಮಾತು ಕೇಳಿ ಓನರ್ ತಾವೇ ಅಕ್ಕನಿಗೆ ಫೋನ್ ಮಾಡಿದರು. "ನಾನೇ ಲಾಟೀನು ಹಿಡಿದು ನಿಲ್ಲುತ್ತಿದ್ದೆ, ಅಮ್ಮ ಹಾಲು ಕರೆಯುತ್ತಿದ್ದಳು" ಅಂತ ಅಕ್ಕ ಅಂದರಂತೆ. ಶನಿವಾರ ಇಬ್ಬರೂ ಹೋಗುತ್ತಿದ್ದೇವೆ.